ಡೈನಮೋಮೀಟರ್ ಅಳತೆಯಲ್ಲಿ ಟ್ರ್ಯಾಕ್ಟರಿನ ಅಶ್ವಶಕ್ತಿ ಮತ್ತು ಟಾರ್ಕ್: ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪೀಠಿಕೆ

ಮುಂಗಾರಿನ ಮೊದಲ ಹದ ಮಳೆಯಾದ ನಂತರ ಭೂಮಿ ಸಿದ್ಧತೆಗೆ ರೈತರಿಗೆ ದೊರೆಯುವ ಅವಧಿ ಬಹಳ ಕಡಿಮೆ. ಆ ಕೆಲವೇ ದಿನಗಳಲ್ಲಿ ಉಳುಮೆ, ಹರಗುವಿಕೆ ಮತ್ತು ಬಿತ್ತನೆ ಮುಗಿಯಬೇಕಾದರೆ ಟ್ರ್ಯಾಕ್ಟರಿನ ಶಕ್ತಿಗೂ ಅದಕ್ಕೆ ಜೋಡಿಸುವ ಉಪಕರಣದ ಗಾತ್ರಕ್ಕೂ ಸರಿಯಾದ ಹೊಂದಾಣಿಕೆ ಇರಬೇಕು. ಶಕ್ತಿ ಸಾಲದಿದ್ದರೆ ಕೆಲಸ ನಿಧಾನವಾಗಿ ಹದ ಕೈತಪ್ಪುತ್ತದೆ. ಅಗತ್ಯಕ್ಕಿಂತ ಹೆಚ್ಚಿನ ಶಕ್ತಿಯ ಟ್ರ್ಯಾಕ್ಟರ್ ಕೊಂಡರೆ ಸಾಲದ ಕಂತು ಮತ್ತು ಡೀಸೆಲ್ ಖರ್ಚು ವರ್ಷಗಟ್ಟಲೆ ಹೊರೆಯಾಗುತ್ತದೆ. ಈ ಹೊಂದಾಣಿಕೆಯೆಲ್ಲವೂ ಅಶ್ವಶಕ್ತಿ ಎಂಬ ಒಂದು ಅಂಕಿಯನ್ನು ಆಧರಿಸಿದೆ. ಆ ಅಂಕಿಯನ್ನು ಅಳೆಯುವ ಸಾಧನವೇ ಡೈನಮೋಮೀಟರ್ ಅಥವಾ ಶಕ್ತಿಮಾಪಕ.

ಸುಸ್ಥಿತಿಯಲ್ಲಿರುವ ಡೈನಮೋಮೀಟರ್ ತಾನು ಅಳೆಯುವುದನ್ನು ಸಾಕಷ್ಟು ನಿಖರವಾಗಿಯೇ ಅಳೆಯುತ್ತದೆ. ತಪ್ಪುಗಳು ಬಹುತೇಕ ಆಗುವುದು ಎಲ್ಲಿ, ಯಾವ ಸ್ಥಿತಿಯಲ್ಲಿ, ಯಾವ ಮಾನದಲ್ಲಿ ಅಳೆಯಲಾಗಿದೆ ಎಂಬುದನ್ನು ಗಮನಿಸದೆ ಅಂಕಿಯನ್ನು ಓದುವುದರಿಂದ. ಈ ಲೇಖನದಲ್ಲಿ ಆ ಅಂಕಿಯನ್ನು ಓದುವ ಕ್ರಮವನ್ನು ರೈತರಿಗೆ ಮತ್ತು ವಿಸ್ತರಣಾ ಕಾರ್ಯಕರ್ತರಿಗೆ ಉಪಯುಕ್ತವಾಗುವಂತೆ ವಿವರಿಸಲಾಗಿದೆ.

ಡೈನಮೋಮೀಟರ್ ಏನನ್ನು ಅಳೆಯುತ್ತದೆ?

ಡೈನಮೋಮೀಟರ್ ಅಶ್ವಶಕ್ತಿಯನ್ನು ನೇರವಾಗಿ ಅಳೆಯುವುದಿಲ್ಲ ಎಂಬುದು ಮೊದಲು ತಿಳಿಯಬೇಕಾದ ಸಂಗತಿ. ಅದು ಅಳೆಯುವುದು ಎರಡನ್ನು ಮಾತ್ರ: ತಿರುಗುವ ದಂಡದ ಟಾರ್ಕ್ (ತಿರುಗುಬಲ) ಮತ್ತು ಆ ದಂಡ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದು. ಶಕ್ತಿಯನ್ನು ಇವೆರಡರಿಂದ ಲೆಕ್ಕ ಹಾಕಿ ಪಡೆಯಲಾಗುತ್ತದೆ.

1821ರಲ್ಲಿ ಫ್ರಾನ್ಸಿನ ಎಂಜಿನಿಯರ್ ಗಾಸ್ಪಾರ್ ದ ಪ್ರೋನಿ ರೂಪಿಸಿದ ಸಾಧನದಲ್ಲಿ ತಿರುಗುವ ದಂಡಕ್ಕೆ ಮರದ ಬಿರಿಯನ್ನು ಬಿಗಿದು, ಅದಕ್ಕೆ ಜೋಡಿಸಿದ ಸನ್ನೆಯ ತುದಿಯಲ್ಲಿ ಎಷ್ಟು ಬಲ ಬೀಳುತ್ತದೆ ಎಂದು ತೂಗಲಾಗುತ್ತಿತ್ತು. ಇಂದಿನ ಯಂತ್ರಗಳಲ್ಲಿ ಮರದ ಬಿರಿಯ ಬದಲು ನೀರು, ಎಣ್ಣೆ ಅಥವಾ ವಿದ್ಯುತ್ಕಾಂತೀಯ ತಡೆ ಇದೆ. ತಕ್ಕಡಿಯ ಬದಲು ಲೋಡ್ ಸೆಲ್ ಇದೆ. ತತ್ವ ಮಾತ್ರ ಬದಲಾಗಿಲ್ಲ.

ಲೆಕ್ಕದ ಸೂತ್ರ ಹೀಗಿದೆ:

ಶಕ್ತಿ (ಕಿಲೋವ್ಯಾಟ್) = ಟಾರ್ಕ್ (ನ್ಯೂಟನ್-ಮೀಟರ್) × ನಿಮಿಷದ ಸುತ್ತುಗಳು ÷ 9549

ಉದಾಹರಣೆಗೆ, ಟ್ರ್ಯಾಕ್ಟರಿನ ಪಿ.ಟಿ.ಓ. ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತಿರುವಾಗ 600 ನ್ಯೂಟನ್-ಮೀಟರ್ ಟಾರ್ಕ್ ದಾಖಲಾದರೆ, ಶಕ್ತಿ 600 × 540 ÷ 9549 = 33.9 ಕಿಲೋವ್ಯಾಟ್ ಆಗುತ್ತದೆ.

ಎಂಜಿನ್ ಆಗ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎಂದುಕೊಳ್ಳೋಣ. ಗೇರುಗಳು ವೇಗವನ್ನು ಸುಮಾರು 3.7 ಪಟ್ಟು ತಗ್ಗಿಸಿ, ಟಾರ್ಕನ್ನು ಅಷ್ಟೇ ಪಟ್ಟು ಹೆಚ್ಚಿಸಿವೆ. ಆದ್ದರಿಂದ ಗೇರುಗಳಲ್ಲಿನ ನಷ್ಟವನ್ನು ಬದಿಗಿಟ್ಟರೆ, ಪಿ.ಟಿ.ಓ.ದಲ್ಲಿ ಕಂಡ 600 ನ್ಯೂಟನ್-ಮೀಟರ್ ಎಂಜಿನ್ನಿನಲ್ಲಿ ಸುಮಾರು 162 ಮಾತ್ರ. ಟಾರ್ಕ್ ಅಂಕಿಯನ್ನು ಯಾವ ದಂಡದಲ್ಲಿ ಅಳೆದದ್ದು ಎಂದು ತಿಳಿಯದೆ ಎರಡು ಟ್ರ್ಯಾಕ್ಟರುಗಳನ್ನು ಹೋಲಿಸಬಾರದು. ಶಕ್ತಿಯ ವಿಷಯ ಹಾಗಲ್ಲ: ಗೇರು ಬದಲಾದರೂ ಶಕ್ತಿ ಹೆಚ್ಚುವುದಿಲ್ಲ, ಘರ್ಷಣೆಯಿಂದ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ.

ಸಾಧನದ ನಿಖರತೆ ಎಷ್ಟು?

ಸರಿಯಾಗಿ ಹೊಂದಾಣಿಕೆ ಮಾಡಿದ ಸಾಧನದಲ್ಲಿ ಟಾರ್ಕ್ ಅಳತೆಯಲ್ಲಿ ಶೇ. 1 ಮತ್ತು ವೇಗದ ಅಳತೆಯಲ್ಲಿ ಶೇ. 0.5 ವ್ಯತ್ಯಾಸ ಇದೆ ಎಂದುಕೊಳ್ಳೋಣ. ಎರಡೂ ಒಂದೇ ದಿಕ್ಕಿಗೆ ವಾಲಿದರೆ ಶಕ್ತಿಯ ಅಂಕಿಯಲ್ಲಿ ಶೇ. 1.5ರಷ್ಟು ವ್ಯತ್ಯಾಸ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಇದು ಸುಮಾರು ಅರ್ಧ ಕಿಲೋವ್ಯಾಟ್, ಅಂದರೆ ಮುಕ್ಕಾಲು ಅಶ್ವಶಕ್ತಿಗೆ ಸಮೀಪ. ಆದ್ದರಿಂದ 45 ಮತ್ತು 46 ಅಶ್ವಶಕ್ತಿ ತೋರಿಸಿದ ಎರಡು ಟ್ರ್ಯಾಕ್ಟರುಗಳನ್ನು ಸಮಾನವೆಂದೇ ಪರಿಗಣಿಸಬೇಕು. ದಶಾಂಶದ ನಂತರದ ಅಂಕಿಗಳನ್ನು ನೋಡಿ ಖರೀದಿ ನಿರ್ಧರಿಸುವುದು ಸರಿಯಲ್ಲ.

ಸಾಧನದ ಸನ್ನೆಯ ಉದ್ದವನ್ನು ತಪ್ಪಾಗಿ ನಮೂದಿಸಿದರೆ ಮಾತ್ರ ದೋಷ ಹೆಚ್ಚುತ್ತದೆ. ನಿಜವಾದ ಉದ್ದ 98 ಸೆಂ.ಮೀ. ಇದ್ದು, ಯಂತ್ರದಲ್ಲಿ 100 ಸೆಂ.ಮೀ. ಎಂದು ದಾಖಲಾಗಿದ್ದರೆ ಪ್ರತಿ ಅಳತೆಯೂ ಶೇ. 2ರಷ್ಟು ಹೆಚ್ಚೇ ಬರುತ್ತದೆ. ಇಂತಹ ದೋಷ ಎಷ್ಟು ಸಲ ಅಳೆದರೂ ಒಂದೇ ರೀತಿ ಮರುಕಳಿಸುವುದರಿಂದ ಅಳತೆ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ಒಂದೇ ಅಂಕಿ ಮತ್ತೆ ಮತ್ತೆ ಬರುವುದು ಬೇರೆ, ಆ ಅಂಕಿ ನಿಜವಾಗಿರುವುದು ಬೇರೆ.

ಇದನ್ನು ಪರಿಶೀಲಿಸುವುದು ಸುಲಭ. ಸನ್ನೆಯನ್ನು ಸಮತಲದಲ್ಲಿರಿಸಿ, ದಂಡದ ಕೇಂದ್ರದಿಂದ ಸರಿಯಾಗಿ 1 ಮೀಟರ್ ದೂರದಲ್ಲಿ 20 ಕಿ.ಗ್ರಾಂ. ಪ್ರಮಾಣಿತ ತೂಕವನ್ನು ತೂಗುಹಾಕಿದರೆ ಸಾಧನ ಸುಮಾರು 196 ನ್ಯೂಟನ್-ಮೀಟರ್ ತೋರಿಸಬೇಕು. ತೂಕ ತೆಗೆದಾಗ ಸೊನ್ನೆಗೆ ಮರಳಬೇಕು. ಪರೀಕ್ಷೆಗೆ ಮುನ್ನ ಈ ತಪಾಸಣೆಯನ್ನು ಕೇಳುವ ಹಕ್ಕು ರೈತರಿಗಿದೆ.

ಒಂದೇ ಟ್ರ್ಯಾಕ್ಟರಿಗೆ ಹಲವು ಅಂಕಿಗಳು ಏಕೆ?

1. ಅಳತೆಯ ಸ್ಥಾನ

ಶಕ್ತಿಯನ್ನು ಮೂರು ಕಡೆ ಅಳೆಯಬಹುದು: ಎಂಜಿನ್ನಿನ ದಂಡದಲ್ಲಿ, ಪಿ.ಟಿ.ಓ.ದಲ್ಲಿ ಮತ್ತು ಎಳೆಯುವ ಕೊಂಡಿಯಲ್ಲಿ (ಡ್ರಾಬಾರ್). ಪ್ರಚಾರ ಪತ್ರಿಕೆಯ ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿರುವುದು ಸಾಮಾನ್ಯವಾಗಿ ಎಂಜಿನ್ ಶಕ್ತಿ. ಪಿ.ಟಿ.ಓ. ಶಕ್ತಿ ಸಾಮಾನ್ಯವಾಗಿ ಅದರ ಶೇ. 85ರಿಂದ 90ರಷ್ಟು ಇರುತ್ತದೆ. ಅಂದರೆ 50 ಅಶ್ವಶಕ್ತಿಯ ಟ್ರ್ಯಾಕ್ಟರಿನಿಂದ ರೋಟವೇಟರಿಗೆ ದೊರೆಯುವುದು ಸುಮಾರು 42ರಿಂದ 45 ಅಶ್ವಶಕ್ತಿ.

ಕೊಂಡಿಯಲ್ಲಿ ದೊರೆಯುವ ಶಕ್ತಿ ನೆಲವನ್ನು ಅವಲಂಬಿಸಿದೆ. ಎರಡು ಚಕ್ರ ಚಾಲನೆಯ ಟ್ರ್ಯಾಕ್ಟರಿನಲ್ಲಿ ಕಾಂಕ್ರೀಟ್ ನೆಲದ ಮೇಲೆ ಪಿ.ಟಿ.ಓ. ಶಕ್ತಿಯ ಶೇ. 85ಕ್ಕಿಂತ ತುಸು ಹೆಚ್ಚು, ಉತ್ತ ಹೊಲದಲ್ಲಿ ಸುಮಾರು ಮೂರನೇ ಎರಡು ಪಾಲು, ಮೆತ್ತನೆಯ ನೆಲದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ನೇಗಿಲಿಗೆ ತಲುಪುತ್ತದೆ. ಉಳಿದದ್ದು ಗಾಲಿ ಜಾರುವಿಕೆಯಲ್ಲಿ ಮತ್ತು ಮಣ್ಣನ್ನು ಒತ್ತುವುದರಲ್ಲಿ ವ್ಯಯವಾಗುತ್ತದೆ. ಈ ಅಂಕಿಗಳಲ್ಲಿ ಯಾವುದೂ ಸುಳ್ಳಲ್ಲ. ಒಂದನ್ನು ಇನ್ನೊಂದೆಂದು ಭಾವಿಸುವುದೇ ತಪ್ಪು.

2. ಅಶ್ವಶಕ್ತಿಯ ಮಾನ

ಅಶ್ವಶಕ್ತಿ ಎಂಬ ಹೆಸರಿನಲ್ಲಿ ಎರಡು ಮಾನಗಳು ಬಳಕೆಯಲ್ಲಿವೆ. ಮೆಟ್ರಿಕ್ ಅಶ್ವಶಕ್ತಿ 0.7355 ಕಿಲೋವ್ಯಾಟ್, ಬ್ರಿಟಿಷ್ ಅಶ್ವಶಕ್ತಿ 0.7457 ಕಿಲೋವ್ಯಾಟ್. ಮೇಲೆ ಲೆಕ್ಕ ಹಾಕಿದ 33.9 ಕಿಲೋವ್ಯಾಟ್ ಮೊದಲನೆಯದರಲ್ಲಿ 46.1, ಎರಡನೆಯದರಲ್ಲಿ 45.5 ಆಗುತ್ತದೆ. ಹೋಲಿಕೆಗೆ ಯಾವಾಗಲೂ ಕಿಲೋವ್ಯಾಟ್ ಅಂಕಿಯನ್ನು ಬಳಸುವುದು ಉತ್ತಮ.

3. ಎಂಜಿನ್ ವೇಗ

ಎಂಜಿನ್ನಿನ ಗರಿಷ್ಠ ಶಕ್ತಿ ದೊರೆಯುವ ವೇಗವೂ ಪಿ.ಟಿ.ಓ. 540 ಸುತ್ತು ತಿರುಗುವ ವೇಗವೂ ಹಲವು ಮಾದರಿಗಳಲ್ಲಿ ಒಂದೇ ಆಗಿರುವುದಿಲ್ಲ. ಆದ್ದರಿಂದ ‘ಗರಿಷ್ಠ ಪಿ.ಟಿ.ಓ. ಶಕ್ತಿ’ ಮತ್ತು ‘540 ಸುತ್ತಿನಲ್ಲಿ ಪಿ.ಟಿ.ಓ. ಶಕ್ತಿ’ ಎಂಬ ಎರಡು ಅಂಕಿಗಳಿರುತ್ತವೆ. ರೋಟವೇಟರ್ ಮತ್ತು ಒಕ್ಕಣೆ ಯಂತ್ರಗಳಿಗೆ ಎರಡನೆಯದೇ ಮುಖ್ಯ.

4. ಗಾಳಿ, ಎತ್ತರ ಮತ್ತು ಉಷ್ಣಾಂಶ

ಸಮುದ್ರಮಟ್ಟದಿಂದ ಮೇಲೇರಿದಂತೆ ಪ್ರತಿ 100 ಮೀಟರಿಗೆ ಗಾಳಿಯ ಒತ್ತಡ ಶೇ. 1ಕ್ಕಿಂತ ತುಸು ಹೆಚ್ಚು ಇಳಿಯುತ್ತದೆ. ಮಂಗಳೂರಿನ ಕರಾವಳಿಗೆ ಹೋಲಿಸಿದರೆ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒತ್ತಡ ಶೇ. 10ರಷ್ಟು ಕಡಿಮೆ, ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿಗೆ ಅಷ್ಟರಮಟ್ಟಿಗೆ ಉಸಿರು ಕಡಿಮೆಯಾಗಿ, ಪೂರ್ಣ ಹೊರೆಯಲ್ಲಿ ಹೊಗೆ ಹೆಚ್ಚುತ್ತದೆ ಮತ್ತು ಶಕ್ತಿ ಇಳಿಯುತ್ತದೆ. ಟರ್ಬೊ ಇರುವ ಎಂಜಿನ್ನಿನಲ್ಲಿ ಈ ಪರಿಣಾಮ ಕಡಿಮೆ.

ರಾಯಚೂರು, ಕಲಬುರಗಿ ಭಾಗಗಳ ಬೇಸಿಗೆಯಲ್ಲಿ ಬಿಸಿ ಗಾಳಿ ತೆಳುವಾಗಿರುತ್ತದೆ. ಟ್ಯಾಂಕಿನ ಡೀಸೆಲ್ ಕೂಡ ಬಿಸಿಯಾಗಿ ಹಿಗ್ಗುತ್ತದೆ. ಪಂಪು ಅಳೆದು ಕೊಡುವುದು ಗಾತ್ರದ ಲೆಕ್ಕದಲ್ಲಿ ಆದ್ದರಿಂದ ತೂಕದ ಲೆಕ್ಕದಲ್ಲಿ ಇಂಧನ ಕಡಿಮೆ ಹೋಗುತ್ತದೆ. ಭಾರತೀಯ ಪರೀಕ್ಷಾ ಕ್ರಮದಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿಯೂ ಟ್ರ್ಯಾಕ್ಟರನ್ನು ಪರೀಕ್ಷಿಸುವುದು ಇದೇ ಕಾರಣಕ್ಕೆ. ಬಿಸಿಲು ಪ್ರದೇಶದ ರೈತರು ಪರೀಕ್ಷಾ ವರದಿಯಲ್ಲಿ ಅಧಿಕ ಉಷ್ಣಾಂಶದ ಅಂಕಿಯನ್ನು ವಿಶೇಷವಾಗಿ ನೋಡಬೇಕು.

ಕಾರು ಮತ್ತು ಜೀಪುಗಳ ರೋಲರ್ ಡೈನಮೋಮೀಟರ್

ವಾಹನದ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಅಳೆಯುವ ಡೈನಮೋಮೀಟರುಗಳು ನಗರಗಳ ಕೆಲವು ಕಾರ್ಯಾಗಾರಗಳಲ್ಲಿವೆ. ಕಾರು, ಜೀಪು ಅಥವಾ ಪಿಕಪ್ ವಾಹನ ಹೊಂದಿರುವವರು ಈ ಅಂಕಿಗಳನ್ನು ಟ್ರ್ಯಾಕ್ಟರಿನ ಪಿ.ಟಿ.ಓ. ಅಂಕಿಗಿಂತ ಹೆಚ್ಚು ಎಚ್ಚರಿಕೆಯಿಂದ ಓದಬೇಕು. ಪಿ.ಟಿ.ಓ. ಪರೀಕ್ಷೆಯಲ್ಲಿ ದಂಡ ನೇರವಾಗಿ ಸಾಧನಕ್ಕೆ ಜೋಡಣೆಯಾಗುತ್ತದೆ. ಉರುಳೆಯ ಪರೀಕ್ಷೆಯಲ್ಲಿ ನಡುವೆ ಟೈರ್ ಇರುತ್ತದೆ. ಟೈರಿನ ಗಾಳಿ, ಅದರ ಬಿಸಿ, ವಾಹನವನ್ನು ಬಿಗಿದ ಪಟ್ಟಿಯ ಬಿಗುವು, ಉರುಳೆಯ ಮೇಲಿನ ಜಾರುವಿಕೆ ಎಲ್ಲವೂ ಅಂಕಿಯನ್ನು ಬದಲಿಸುತ್ತವೆ.

ಚಕ್ರದಲ್ಲಿ ಅಳೆದ ಶಕ್ತಿಗೆ ಶೇ. 15 ಅಥವಾ 20 ಸೇರಿಸಿ ‘ಎಂಜಿನ್ ಶಕ್ತಿ’ ಎಂದು ಮುದ್ರಿಸಿ ಕೊಡುವ ರೂಢಿಯೂ ಇದೆ. ಆ ಸೇರ್ಪಡೆ ಅಳತೆಯಲ್ಲ, ಅಂದಾಜು. ಹಾಗೆಯೇ ಹವಾಮಾನದ ತಿದ್ದುಪಡಿಯನ್ನೂ ಗಮನಿಸಬೇಕು. ಬೆಂಗಳೂರಿನ ಎತ್ತರದಲ್ಲಿ ಟರ್ಬೊ ಇಲ್ಲದ ಪೆಟ್ರೋಲ್ ಕಾರಿನ ಅಳತೆಯನ್ನು ಪ್ರಮಾಣಿತ ಸ್ಥಿತಿಗೆ ಪರಿವರ್ತಿಸಿದಾಗ ಅಂಕಿ ಸುಮಾರು ಶೇ. 9ರಿಂದ 10ರಷ್ಟು ಏರುತ್ತದೆ. ಅದೇ ತಿದ್ದುಪಡಿಯನ್ನು ಟರ್ಬೊ ಇರುವ ವಾಹನಕ್ಕೂ ಅನ್ವಯಿಸಿದರೆ ಇಲ್ಲದ ಶಕ್ತಿ ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ. ತಿದ್ದುಪಡಿಗೆ ಮುಂಚಿನ ಮತ್ತು ನಂತರದ ಎರಡೂ ಅಂಕಿಗಳನ್ನು ಕೇಳಿ ಪಡೆಯಬೇಕು.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನಾನು ಭಾಗವಹಿಸಿದ್ದ ಮುಂಗಾರು ಪೂರ್ವದ ಒಂದು ಯಂತ್ರ ತಪಾಸಣಾ ಶಿಬಿರಕ್ಕೆ ರೈತರೊಬ್ಬರು ತಮ್ಮ ಟ್ರ್ಯಾಕ್ಟರನ್ನು ತಂದಿದ್ದರು. ‘ಗಾಡಿ ಎಳೀತಿಲ್ಲ ಸಾರ್, ಎರಡು ವರ್ಷದ ಕಂತು ಇನ್ನೂ ಬಾಕಿ ಐತಿ’ ಎಂಬುದು ಅವರ ಅಳಲು. ಪಿ.ಟಿ.ಓ. ಡೈನಮೋಮೀಟರಿನ ಅಂಕಿ ಅವರ ಕೈಯಲ್ಲಿದ್ದ ಪ್ರಚಾರ ಪತ್ರಿಕೆಯ ಅಂಕಿಗಿಂತ ಬಹಳ ಕಡಿಮೆ ಬಂತು. ಡೀಸೆಲ್ ಪಂಪ್ ಬಿಚ್ಚಿ ಇಂಧನ ಹೆಚ್ಚಿಸಬೇಕೆಂದು ಅಲ್ಲಿದ್ದ ಮೆಕ್ಯಾನಿಕ್ ಹೇಳಿದರು. ಅಂಕಿ ಕಣ್ಣೆದುರಿಗೇ ಇದ್ದುದರಿಂದ ನಾನೂ ತಲೆದೂಗಿದೆ.

ಕೃಷಿ ಎಂಜಿನಿಯರಿಂಗ್ ವಿಭಾಗದ ಸಹೋದ್ಯೋಗಿಯೊಬ್ಬರು ಮೊದಲು ಏರ್ ಕ್ಲೀನರ್ ತೆರೆಸಿದರು. ಜೋಳದ ಒಕ್ಕಣೆಯ ಹೊಟ್ಟು ಮತ್ತು ಧೂಳು ಅದರಲ್ಲಿ ಗಟ್ಟಿಯಾಗಿ ಕುಳಿತಿತ್ತು. ಶುಚಿಗೊಳಿಸಿ, ಎಣ್ಣೆ ಬದಲಿಸಿ, ಎಂಜಿನ್ ಬಿಸಿಯಾದ ಮೇಲೆ ಮರು ಅಳತೆ ಮಾಡಿದಾಗ ಕೊರತೆಯ ಹೆಚ್ಚಿನ ಭಾಗ ತುಂಬಿಬಂತು. ಉಳಿದ ವ್ಯತ್ಯಾಸ ಕೊರತೆಯೇ ಆಗಿರಲಿಲ್ಲ: ಪತ್ರಿಕೆಯಲ್ಲಿದ್ದುದು ಎಂಜಿನ್ ಶಕ್ತಿ, ನಾವು ಅಳೆದದ್ದು ಪಿ.ಟಿ.ಓ. ಶಕ್ತಿ. ಅಂದು ಪಂಪ್ ತಿರುಗಿಸಿದ್ದರೆ ಗಾಳಿಯಿಲ್ಲದ ಎಂಜಿನ್ನಿಗೆ ಇನ್ನಷ್ಟು ಡೀಸೆಲ್ ಸುರಿದು ಕಪ್ಪು ಹೊಗೆ, ಅತಿಯಾದ ಬಿಸಿ ಮತ್ತು ಪಿಸ್ಟನ್ ಸವೆತಕ್ಕೆ ದಾರಿ ಮಾಡಿದಂತಾಗುತ್ತಿತ್ತು. ಡೈನಮೋಮೀಟರ್ ಎರಡೂ ಸಲ ನಿಜವನ್ನೇ ಹೇಳಿತ್ತು. ಶಕ್ತಿ ಎಷ್ಟಿದೆ ಎಂದು ಅದು ಹೇಳುತ್ತದೆ. ಏಕೆ ಕಡಿಮೆಯಿದೆ ಎಂದು ಹೇಳುವುದಿಲ್ಲ.

ಡೀಸೆಲ್ ಲೆಕ್ಕದಿಂದ ಅಂಕಿಯ ಪರಿಶೀಲನೆ

ಡೈನಮೋಮೀಟರ್ ತೋರಿಸಿದ ಅಂಕಿ ನಂಬಲರ್ಹವೇ ಎಂದು ತಿಳಿಯಲು ರೈತರೇ ಮಾಡಬಹುದಾದ ಒಂದು ಸರಳ ಪರೀಕ್ಷೆಯಿದೆ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಕಿಲೋವ್ಯಾಟ್-ಗಂಟೆ, ಅಂದರೆ 10 ಯೂನಿಟ್ ಶಾಖಶಕ್ತಿ ಇದೆ. ಅದರಲ್ಲಿ ಹೆಚ್ಚಿನದು ರೇಡಿಯೇಟರ್ ಮತ್ತು ಹೊಗೆಯ ಮೂಲಕ ಹೊರಹೋಗಿ, ಪೂರ್ಣ ಹೊರೆಯಲ್ಲಿ ಪಿ.ಟಿ.ಓ.ಗೆ ಸಾಮಾನ್ಯವಾಗಿ 3ರಿಂದ 3.4 ಯೂನಿಟ್ ದೊರೆಯುತ್ತದೆ.

ಹೀಗಾಗಿ 33.9 ಕಿಲೋವ್ಯಾಟ್ ನೀಡುತ್ತಿರುವ ಟ್ರ್ಯಾಕ್ಟರ್ ಗಂಟೆಗೆ ಸುಮಾರು 10ರಿಂದ 11.3 ಲೀಟರ್ ಡೀಸೆಲ್ ಬಳಸಬೇಕು.

• ಪರೀಕ್ಷೆಯ ಹೊತ್ತಿನಲ್ಲಿ ಗಂಟೆಗೆ 7 ಲೀಟರ್ ಮಾತ್ರ ವ್ಯಯವಾಗಿ, ಸಾಧನ 33.9 ಕಿಲೋವ್ಯಾಟ್ ತೋರಿಸುತ್ತಿದ್ದರೆ ಲೀಟರಿಗೆ 4.8 ಯೂನಿಟ್ ಬಂದಂತಾಯಿತು. ಇದು ಟ್ರ್ಯಾಕ್ಟರಿನಲ್ಲಿ ಸಾಧ್ಯವಿಲ್ಲ. ಸಾಧನದ ಹೊಂದಾಣಿಕೆ ತಪ್ಪಿದೆ ಎಂದು ತಿಳಿಯಬೇಕು.
• ಗಂಟೆಗೆ 14 ಲೀಟರ್ ವ್ಯಯವಾಗುತ್ತಿದ್ದರೆ ಲೀಟರಿಗೆ 2.4 ಯೂನಿಟ್ ಮಾತ್ರ. ಆಗ ಎಂಜಿನ್ನಿನಲ್ಲಿ ಗಾಳಿಯ ಕೊರತೆ, ನಾಜಲ್ ದೋಷ ಅಥವಾ ಸೋರಿಕೆ ಇರಬಹುದು. ಸಾಧನ ಕಡಿಮೆ ತೋರಿಸುತ್ತಿರಲೂಬಹುದು.

ಪರೀಕ್ಷೆಗೆ ಮುನ್ನ ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿ, ಅರ್ಧ ಗಂಟೆ ಪೂರ್ಣ ಹೊರೆಯಲ್ಲಿ ನಡೆಸಿ, ಮತ್ತೆ ಅದೇ ಮಟ್ಟಕ್ಕೆ ಅಳತೆ ಪಾತ್ರೆಯಿಂದ ತುಂಬಿಸಿದರೆ ಬಳಕೆ ತಿಳಿಯುತ್ತದೆ. ಟ್ರ್ಯಾಕ್ಟರ್ ಎರಡೂ ಸಲ ಅದೇ ಸಮತಟ್ಟು ಜಾಗದಲ್ಲಿ ನಿಂತಿರಬೇಕು.

ಖರೀದಿಯಲ್ಲಿ ಯಾವ ಅಂಕಿಗೆ ಮಹತ್ವ ಕೊಡಬೇಕು?

ತಯಾರಕರ ಮಾತನ್ನು ಸ್ವತಂತ್ರ ಅಳತೆಯಿಂದ ಪರೀಕ್ಷಿಸಬೇಕೆಂಬ ಬೇಡಿಕೆ ರೈತರಿಂದಲೇ ಬಂದದ್ದು. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಹೇಳಿದಷ್ಟು ಕೆಲಸ ಮಾಡದ ಟ್ರ್ಯಾಕ್ಟರಿನಿಂದ ಬೇಸತ್ತ ರೈತ ಹಾಗೂ ಶಾಸಕ ವಿಲ್ಮಟ್ ಕ್ರೋಜಿಯರ್ ಅವರ ಪ್ರಯತ್ನದಿಂದ 1919ರಲ್ಲಿ ಟ್ರ್ಯಾಕ್ಟರ್ ಪರೀಕ್ಷಾ ಕಾಯಿದೆ ಬಂದಿತು. 1920ರಿಂದ ಅಲ್ಲಿನ ವಿಶ್ವವಿದ್ಯಾಲಯ ಪರೀಕ್ಷೆಗಳನ್ನು ಆರಂಭಿಸಿತು. ನಮ್ಮ ದೇಶದಲ್ಲಿ ಈ ಕಾರ್ಯವನ್ನು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ನಿರ್ವಹಿಸುತ್ತಿದೆ.

ಖರೀದಿಗೆ ಮುನ್ನ ಆಯ್ದ ಮಾದರಿಯ ಪರೀಕ್ಷಾ ವರದಿಯನ್ನು ಮಾರಾಟಗಾರರಿಂದ ಕೇಳಿ ಪಡೆದು ಈ ಕೆಳಗಿನ ಅಂಶಗಳನ್ನು ನೋಡಿರಿ:

1. 540 ಸುತ್ತಿನಲ್ಲಿ ಪಿ.ಟಿ.ಓ. ಶಕ್ತಿ, ಕಿಲೋವ್ಯಾಟಿನಲ್ಲಿ.
2. ಅಧಿಕ ಉಷ್ಣಾಂಶದಲ್ಲಿ ದೊರೆತ ಶಕ್ತಿ.
3. ಪ್ರತಿ ಕಿಲೋವ್ಯಾಟ್-ಗಂಟೆಗೆ ವ್ಯಯವಾದ ಇಂಧನ.
4. ಮೀಸಲು ಟಾರ್ಕ್.

ಮೀಸಲು ಟಾರ್ಕ್ ಎಂದರೆ, ಹೊರೆ ಹೆಚ್ಚಿ ಎಂಜಿನ್ ವೇಗ ತಗ್ಗಿದಾಗ ಟಾರ್ಕ್ ಎಷ್ಟು ಏರುತ್ತದೆ ಎಂಬುದರ ಶೇಕಡಾವಾರು ಪ್ರಮಾಣ. ಉದಾಹರಣೆಗೆ ಗರಿಷ್ಠ ಶಕ್ತಿಯ ವೇಗದಲ್ಲಿ 160 ಇದ್ದ ಟಾರ್ಕ್ ಕಡಿಮೆ ವೇಗದಲ್ಲಿ 190ಕ್ಕೆ ಏರಿದರೆ ಮೀಸಲು ಸುಮಾರು ಶೇ. 19. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಾಗ ಗೇರ್ ಬದಲಿಸದೆ ಟ್ರ್ಯಾಕ್ಟರ್ ಮುನ್ನಡೆಯುವುದು ಈ ಮೀಸಲಿನ ಬಲದಿಂದಲೇ. ಶಕ್ತಿ ಸಮಾನವಾಗಿರುವ ಎರಡು ಮಾದರಿಗಳಲ್ಲಿ ಕಪ್ಪು ಎರೆ ಭೂಮಿಯ ರೈತರು ಮೀಸಲು ಟಾರ್ಕ್ ಹೆಚ್ಚಿರುವುದನ್ನು ಆಯ್ದುಕೊಳ್ಳುವುದು ಸೂಕ್ತ.

ಡೈನಮೋಮೀಟರ್ ಪರೀಕ್ಷೆಗೆ ಮುನ್ನ ಅನುಸರಿಸಬೇಕಾದ ಕ್ರಮಗಳು

1. ಏರ್ ಕ್ಲೀನರ್ ಮತ್ತು ಡೀಸೆಲ್ ಫಿಲ್ಟರುಗಳನ್ನು ಮೊದಲು ಶುಚಿಗೊಳಿಸಿರಿ ಅಥವಾ ಬದಲಿಸಿರಿ.
2. ಎಂಜಿನ್ನನ್ನು ಅರ್ಧ ಗಂಟೆಯಷ್ಟು ಕಾಲ ಹೊರೆಯಲ್ಲಿ ನಡೆಸಿ ಎಂಜಿನ್ ಹಾಗೂ ಗೇರ್ ಎಣ್ಣೆ ಬಿಸಿಯಾದ ನಂತರವೇ ಅಳತೆ ಮಾಡಿಸಿರಿ.
3. ಸಾಧನವನ್ನು ತೂಕದಿಂದ ಪರಿಶೀಲಿಸಿ ತೋರಿಸಲು ಕೇಳಿರಿ.
4. ಹೊರೆಯನ್ನು ನಿಧಾನವಾಗಿ ಏರಿಸಿ, ವೇಗ ಸ್ಥಿರವಾದ ಮೇಲೆ ಓದಿದ ಅಂಕಿಯನ್ನು ಮಾತ್ರ ಬರೆದುಕೊಳ್ಳಿರಿ. ಕ್ಷಣಮಾತ್ರ ಕಂಡ ಗರಿಷ್ಠ ಅಂಕಿಯನ್ನು ಪರಿಗಣಿಸಬೇಡಿರಿ.
5. ಕನಿಷ್ಠ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಮೂರರ ನಡುವೆ ಶೇ. 2ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಕಾರಣ ಹುಡುಕಿ ಮತ್ತೆ ಅಳೆಯಿರಿ.
6. ದಿನಾಂಕ, ಸ್ಥಳ, ಉಷ್ಣಾಂಶ, ಪಿ.ಟಿ.ಓ. ವೇಗ, ಟಾರ್ಕ್ ಮತ್ತು ಡೀಸೆಲ್ ಬಳಕೆಯನ್ನು ಟ್ರ್ಯಾಕ್ಟರಿನ ಪುಸ್ತಕದಲ್ಲಿ ದಾಖಲಿಸಿರಿ.
7. ತಿರುಗುವ ಪಿ.ಟಿ.ಓ. ದಂಡಕ್ಕೆ ರಕ್ಷಣಾ ಕವಚ ಕಡ್ಡಾಯ. ಪಂಚೆ, ಟವೆಲ್ ಅಥವಾ ಸೀರೆಯ ಸೆರಗು ಸಡಿಲವಾಗಿರುವವರು ಹತ್ತಿರ ನಿಲ್ಲಬಾರದು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ರೈತ ಸಂಪರ್ಕ ಕೇಂದ್ರಗಳಲ್ಲಿ ಮತ್ತು ಬಾಡಿಗೆ ಯಂತ್ರೋಪಕರಣ ಕೇಂದ್ರಗಳಲ್ಲಿ ಉಪಕರಣದ ಗಾತ್ರವನ್ನು ಶಿಫಾರಸು ಮಾಡುವಾಗ ಎಂಜಿನ್ ಅಶ್ವಶಕ್ತಿಯ ಬದಲು ಪಿ.ಟಿ.ಓ. ಶಕ್ತಿಯನ್ನು ಆಧಾರವಾಗಿ ಬಳಸಬೇಕು. ನೇಗಿಲಿನಂತಹ ಎಳೆಯುವ ಉಪಕರಣಗಳಿಗೆ ಮಣ್ಣಿನ ಸ್ಥಿತಿಗನುಗುಣವಾಗಿ ಇನ್ನಷ್ಟು ಕಡಿತ ಮಾಡಬೇಕು. ಟ್ರ್ಯಾಕ್ಟರಿನ ಶಕ್ತಿ ಕುಗ್ಗಿದೆ ಎಂದು ರೈತರು ದೂರಿದಾಗ ಮೊದಲು ಗಾಳಿ, ಇಂಧನ ಮತ್ತು ಟೈರ್ ಪರಿಶೀಲನೆ, ನಂತರ ಅಳತೆ, ಕೊನೆಯಲ್ಲಿ ಪಂಪ್ ದುರಸ್ತಿ ಎಂಬ ಕ್ರಮವನ್ನು ತಿಳಿಸಿಕೊಡಬೇಕು.

ಸಾರಾಂಶ

ಉತ್ತಮ ಡೈನಮೋಮೀಟರಿನ ಅಂಕಿಯನ್ನು ಶೇ. 1ರಿಂದ 2ರ ವ್ಯತ್ಯಾಸದೊಳಗೆ ನಂಬಬಹುದು. ಆದರೆ ಅಳತೆಯ ಸ್ಥಾನ, ಮಾನ, ವೇಗ ಮತ್ತು ಹವಾಮಾನವನ್ನು ಗಮನಿಸದಿದ್ದರೆ ಅದೇ ಅಂಕಿಯ ಓದಿನಲ್ಲಿ ಶೇ. 10ರಿಂದ 40ರವರೆಗೂ ತಪ್ಪಾಗಬಹುದು. ಒಂದೇ ಟ್ರ್ಯಾಕ್ಟರನ್ನು, ಅದೇ ಸಾಧನದಲ್ಲಿ, ವರ್ಷದ ಅದೇ ಕಾಲದಲ್ಲಿ ಅಳೆದು ಹಿಂದಿನ ವರ್ಷದ ದಾಖಲೆಯೊಂದಿಗೆ ಹೋಲಿಸುವುದು ಅತ್ಯಂತ ವಿಶ್ವಾಸಾರ್ಹ ವಿಧಾನ. ಅಂತಹ ದಾಖಲೆಯನ್ನು ಈ ವರ್ಷವೇ ಆರಂಭಿಸಿದ ರೈತರಿಗೆ, ಮುಂದಿನ ಮುಂಗಾರಿನ ವೇಳೆಗೆ ತಮ್ಮ ಟ್ರ್ಯಾಕ್ಟರಿನ ಬಗ್ಗೆ ಇತರರ ಮಾತನ್ನು ಅವಲಂಬಿಸುವ ಅಗತ್ಯ ಬೀಳುವುದಿಲ್ಲ.